ಥಂಡಿ ಶುರುವಾದ ಮೇಲೆ ಹೀಟ್ ಪಂಪ್ ಸಿಕ್ಕಾಪಟ್ಟೆ ಕರೆಂಟ್ ತಿನ್ನುತ್ತಿದೆ, ಬಿಲ್ 200 ಯೂನಿಟ್ ದಾಟಿತು. ಏನು ಮಾಡಲಿ?

ಮಾಳಮಡ್ಡಿ_ಮನೆ · ಜನವರಿ 4

ಎಲ್ಲರಿಗೂ ನಮಸ್ಕಾರ. ನಮ್ಮದು ಧಾರವಾಡ, ಮಾಳಮಡ್ಡಿ. ಮನೆಯಲ್ಲಿ ಆರು ಜನ: ನಾನು, ಹೆಂಡತಿ, ಅಪ್ಪ, ಅವ್ವ, ಇಬ್ಬರು ಮಕ್ಕಳು. ಮೊದಲು ಮಾಳಿಗೆ ಮೇಲೆ ಸೋಲಾರ್ ವಾಟರ್ ಹೀಟರ್ ಇತ್ತು. ಮಂಗಗಳು ಗಾಜಿನ ಟ್ಯೂಬ್ ಮೇಲೆ ಕುಣಿದು ಮೂರು ಸಲ ಒಡೆದು ಹಾಕಿದವು. ನಾಲ್ಕನೇ ಸಲ ಟ್ಯೂಬ್ ಹಾಕಿಸುವ ತಾಳ್ಮೆ ನನಗಿರಲಿಲ್ಲ. ಕಳೆದ ಜೂನ್‌ನಲ್ಲಿ 200 ಲೀಟರ್‌ನ ಹೀಟ್ ಪಂಪ್ ಹಾಕಿಸಿದೆ. ಗೀಸರ್ ತಿನ್ನುವ ಕರೆಂಟಿನ ಮೂರನೇ ಒಂದು ಪಾಲು ಸಾಕು ಅಂತ ಅಂಗಡಿಯವರು ಹೇಳಿದ್ದರು.

ಮಳೆಗಾಲದಲ್ಲಿ ಮಾತು ನಿಜವೇ ಆಯಿತು. ಗೃಹಜ್ಯೋತಿಯಲ್ಲಿ ನಮಗೆ ಉಚಿತ ಇರುವುದು 152 ಯೂನಿಟ್. ಅಕ್ಟೋಬರ್‌ನಲ್ಲಿ 171 ಬಂತು, ಮೇಲಿನ 19 ಯೂನಿಟ್‌ಗೆ ದುಡ್ಡು ಕಟ್ಟಿದೆ. ನವೆಂಬರ್ 188. ಡಿಸೆಂಬರ್ ಬಿಲ್ ಮೊನ್ನೆ ಬಂತು: 263! 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು, ಗೊತ್ತಲ್ಲ. ಎರಡು ಸಾವಿರದ ಮೇಲೆ ಹೋಯಿತು.

ಮನೆಯಲ್ಲಿ ಹೊಸ ಸಾಮಾನು ಏನೂ ಬಂದಿಲ್ಲ. ಫ್ಯಾನ್ ಕೂಡ ಬಂದ್. ಹೀಟ್ ಪಂಪ್ 60 ಡಿಗ್ರಿಗೆ ಇಟ್ಟಿದ್ದೇನೆ, ಬೆಳಗಿನ 4ಕ್ಕೆ ಟೈಮರ್. ಆರಕ್ಕೆಲ್ಲ ಅಪ್ಪನ ಸ್ನಾನ. ಚಳಿಗಾಲದಲ್ಲಿ ಇದು ಹೀಗೇನಾ, ಅಥವಾ ನನ್ನದೇನಾದರೂ ತಪ್ಪಾ?

ಸಪ್ತಾಪುರ_ಸುಮ್ನೆ · ಜನವರಿ 4

263 ಯೂನಿಟ್‌ನಲ್ಲಿ ನಾವು ಎರಡು ತಿಂಗಳು ಬದುಕುತ್ತೇವೆ.

ಉಣಕಲ್_ವಾಕಿಂಗ್ · ಜನವರಿ 4

ಸರ್, ಬೇಜಾರಾಗಬೇಡಿ, ಲೆಕ್ಕ ಹೇಳುತ್ತೇನೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋ ಕ್ಯಾಲರಿ ಬೇಕು. ಒಂದು ಯೂನಿಟ್ ಕರೆಂಟ್ ಅಂದರೆ 860 ಕಿಲೋ ಕ್ಯಾಲರಿ. 20 ಲೀಟರ್‌ನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 40ಕ್ಕೆ ತಂದರೆ 400. ಅಂದರೆ ಅರ್ಧ ಯೂನಿಟ್ ಕೂಡ ಬೇಡ. ಆರು ಜನಕ್ಕೆ ಆರು ಬಕೆಟ್ ಹಿಡಿಯಿರಿ, ಮೂರು ಯೂನಿಟ್ ಒಳಗೇ ಮುಗಿಯಿತು. ಸಾದಾ ಗೀಸರ್‌ನಲ್ಲೇ ತಿಂಗಳಿಗೆ 85 ಯೂನಿಟ್. ಇಷ್ಟಕ್ಕೆ ಅಷ್ಟು ದೊಡ್ಡ ಯಂತ್ರ ಯಾಕೆ ಬೇಕಿತ್ತು?

ಮಾಳಮಡ್ಡಿ_ಮನೆ · ಜನವರಿ 4

ಆರು ಬಕೆಟ್‌ನಲ್ಲಿ ಮುಗಿಯುವ ಮನೆ ಯಾವುದು ಸರ್? ನನ್ನ ದೊಡ್ಡ ಮಗ ಪಿಯುಸಿ. ಶವರ್ ಕೆಳಗೆ ನಿಂತನೆಂದರೆ ಇಪ್ಪತ್ತು ನಿಮಿಷ. ಒಳಗೆ ಏನು ಮಾಡುತ್ತಾನೋ ದೇವರಿಗೇ ಗೊತ್ತು.

ಉಣಕಲ್_ವಾಕಿಂಗ್ · ಜನವರಿ 4

ಹಾಗಾದರೆ ಉತ್ತರ ಮನೆಯಲ್ಲೇ ಇದೆ. ನಿಮಿಷಕ್ಕೆ ಎಂಟು ಲೀಟರ್ ಅಂದರೂ 160 ಲೀಟರ್, ಎಂಟು ಬಕೆಟ್. ಅವನೊಬ್ಬನದೇ.

ಹಳೇಹುಬ್ಬಳ್ಳಿ_ಫ್ರಿಜ್ · ಜನವರಿ 4

ಹುಡುಗನ ಮೇಲೆ ಹಾಕಬೇಡಿ. ಅವನು ಅಕ್ಟೋಬರ್‌ನಲ್ಲೂ ಇಪ್ಪತ್ತು ನಿಮಿಷವೇ ನಿಲ್ಲುತ್ತಿದ್ದ ಅಲ್ವಾ? ಆಗ 171 ಬಂದಿದೆ.

ನಾನು ಫ್ರಿಜ್, ಎಸಿ ರಿಪೇರಿ ಮಾಡುವವನು, 22 ವರ್ಷ ಆಯಿತು. ಹೀಟ್ ಪಂಪ್ ಅಂದರೆ ತಿರುಗಿಸಿಟ್ಟ ಫ್ರಿಜ್. ಫ್ರಿಜ್ ಒಳಗಿನ ಬಿಸಿಯನ್ನು ತೆಗೆದು ಹಿಂದೆ ಬಿಡುತ್ತದೆ, ಹಿಂದೆ ಕೈ ಇಟ್ಟರೆ ಬೆಚ್ಚಗಿರುತ್ತದೆ ನೋಡಿ. ಇದು ಹೊರಗಿನ ಗಾಳಿಯ ಬಿಸಿಯನ್ನು ತೆಗೆದು ನೀರಿಗೆ ಬಿಡುತ್ತದೆ. ಕರೆಂಟ್ ಬಿಸಿ ಹುಟ್ಟಿಸುವುದಕ್ಕಲ್ಲ, ಇದ್ದ ಬಿಸಿಯನ್ನು ಎತ್ತಿ ಹಾಕುವುದಕ್ಕೆ. ಅದಕ್ಕೇ ಒಂದು ಯೂನಿಟ್ ಕೊಟ್ಟರೆ ಮೂರು ಯೂನಿಟ್‌ನಷ್ಟು ಕಾವು ಸಿಗುತ್ತದೆ. ಮೋಸ ಇಲ್ಲ.

ಬೋರ್‌ವೆಲ್ ನೆನಪು ಮಾಡಿಕೊಳ್ಳಿ. 100 ಅಡಿಯಿಂದ ನೀರೆತ್ತುವುದಕ್ಕೂ 400 ಅಡಿಯಿಂದ ಎತ್ತುವುದಕ್ಕೂ ಕರೆಂಟ್ ಒಂದೇನಾ? ಹೊರಗೆ 14 ಡಿಗ್ರಿ, ಟ್ಯಾಂಕಿನಲ್ಲಿ 60 ಬೇಕು ಅಂದರೆ 46 ಡಿಗ್ರಿ ಎತ್ತಬೇಕು. ಮಧ್ಯಾಹ್ನ ಹೊರಗೆ 29 ಇರುತ್ತದೆ, ಟ್ಯಾಂಕಿಗೆ 50 ಸಾಕು ಅಂದರೆ 21 ಡಿಗ್ರಿ ಎತ್ತಿದರೆ ಮುಗಿಯಿತು. ನೀವು ದಿನದ ಅತಿ ಥಂಡಿ ಹೊತ್ತು ಹುಡುಕಿ ಟೈಮರ್ ಇಟ್ಟಿದ್ದೀರಿ. ಜನವರಿಯಲ್ಲೂ ನಮ್ಮ ಊರಲ್ಲಿ ಮಧ್ಯಾಹ್ನ ಬಿಸಿಲಿಗೆ ಬರ ಇಲ್ಲ. ಒಂದರಿಂದ ನಾಲ್ಕಕ್ಕೆ ಇಡಿ. ಟ್ಯಾಂಕಿಗೆ ಪಫ್, ಅಂದರೆ ಕಾವು ಸೋರದಂತೆ ತಡೆಯುವ ಫೋಮ್ ಇರುತ್ತದೆ, ಬೆಳಗಿನವರೆಗೆ ಮೂರ್ನಾಲ್ಕು ಡಿಗ್ರಿ ಇಳಿಯಬಹುದು, ಅಷ್ಟೇ.

ಸಪ್ತಾಪುರ_ಸುಮ್ನೆ · ಜನವರಿ 4

ಬೋರ್‌ವೆಲ್ ಹೋಲಿಕೆ ಚೆನ್ನಾಗಿದೆ. ನಮ್ಮ ಇಂಜಿನಿಯರಿಂಗ್ ಮೇಷ್ಟ್ರು ಎರಡು ವಾರ ತಗೊಂಡಿದ್ದರು ಇದಕ್ಕೆ.

ಹಾವೇರಿ_ಹಂಡೆ · ಜನವರಿ 4

ಇದೆಲ್ಲ ಯಾಕ್ರೀ? ಬಚ್ಚಲ ಒಲೆ, ತಾಮ್ರದ ಹಂಡೆ. ನಮ್ಮ ಹಳ್ಳಿ ಮನೆಯಲ್ಲಿ ಈಗಲೂ ಅದೇ. ಹತ್ತಿ ಕಟ್ಟಿಗೆ, ಕಾಳು ಬಿಡಿಸಿದ ಗೋವಿನಜೋಳದ ತೆನೆ, ಕುಳ್ಳು, ಏನು ಸಿಕ್ಕರೂ ಉರಿಯುತ್ತದೆ. ಸ್ನಾನ ಮುಗಿದರೂ ಹಂಡೆ ಮಧ್ಯಾಹ್ನದವರೆಗೆ ಬೆಚ್ಚಗೆ. ಆ ನೀರಿಗೆ ಹೊಗೆಯ ಒಂದು ವಾಸನೆ ಇರುತ್ತದೆ, ಆಹಾ.

ಸಾಧನಕೇರಿ_ಅಕ್ಕ · ಜನವರಿ 5

ಆ ಹೊಗೆ ವಾಸನೆ ನಿಮಗೆ ಆಹಾ. ನಸುಕಿನಲ್ಲಿ ಎದ್ದು ಹಸಿ ಕಟ್ಟಿಗೆಗೆ ಊದುಗೊಳವೆ ಹಿಡಿದು ಕಣ್ಣು ಕೆಂಪು ಮಾಡಿಕೊಂಡವರನ್ನು ಕೇಳಿ. ಕೂತಲ್ಲಿಗೆ ಬಿಸಿನೀರು ಬಂದರೆ ಹಂಡೆ ಬಹಳ ಚಂದ ಕಾಣುತ್ತದೆ.

ಹಾವೇರಿ_ಹಂಡೆ · ಜನವರಿ 5

ಅಕ್ಕಾರ, ಒಪ್ಪಿದೆ. ನಮ್ಮವ್ವನೂ ಇದನ್ನೇ ಹೇಳುತ್ತಾಳೆ.

ನವನಗರ_ನಿವೃತ್ತ · ಜನವರಿ 5

ಊಹೆ ಬಿಟ್ಟು ಅಳತೆ ಮಾಡೋಣ. ಮಾಳಮಡ್ಡಿಯವರೇ, ನಿಮ್ಮ ಮೀಟರ್ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲೇ 3200 ಅಂತಲೋ 1600 ಅಂತಲೋ ಬರೆದಿರುತ್ತದೆ. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅಂತ ಅರ್ಥ. ಬೆಳಗ್ಗೆ ಹೀಟ್ ಪಂಪ್ ಓಡುವಾಗ ಉಳಿದ ಎಲ್ಲ ಎಂಸಿಬಿ ಇಳಿಸಿ. ಫ್ರಿಜ್ ಕೂಡ. ಒಂದು ನಿಮಿಷದಲ್ಲಿ ಎಷ್ಟು ಸಲ ಮಿನುಗಿತು ಎಣಿಸಿ. ಅದನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ ಎಷ್ಟು ಕಿಲೋವ್ಯಾಟ್ ಎಳೆಯುತ್ತಿದೆ ಗೊತ್ತಾಗುತ್ತದೆ.

200 ಲೀಟರ್ ಯಂತ್ರದ ಕಂಪ್ರೆಸರ್ ಮುಕ್ಕಾಲು ಕಿಲೋವ್ಯಾಟ್ ಆಸುಪಾಸು ಇರಬೇಕು. ನಿಮಿಷಕ್ಕೆ 40 ಮಿನುಗು. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಹೇಳಿ, ಮುಂದೆ ನೋಡೋಣ. ಮೀಟರ್ ಸರಿಯಿಲ್ಲ ಅಂತ ಹೆಸ್ಕಾಂಗೆ ಅರ್ಜಿ ಬರೆಯಲು ಈಗಲೇ ಹೊರಡಬೇಡಿ.

ಗದಗ_ಗಾಳಿ · ಜನವರಿ 5

ನೀರು ಯಾವುದು, ಬೋರ್‌ವೆಲ್ಲಾ ನಲ್ಲಿಯದಾ? ನಮ್ಮಲ್ಲಿ ಬೋರ್ ನೀರು ಗಡಸು ಅಂದರೆ ಗಡಸು. ಎರಡು ವರ್ಷಕ್ಕೆ ಗೀಸರ್ ಎಲಿಮೆಂಟ್ ಬಿಚ್ಚಿದರೆ ಸುಣ್ಣದ ಕೋಲು ಹೊರಬಂದ ಹಾಗೆ ಇರುತ್ತದೆ. ಸುಣ್ಣ ಕಟ್ಟಿದರೆ ಕಾವು ನೀರಿಗೆ ಬೇಗ ಇಳಿಯುವುದಿಲ್ಲ.

ಮಾಳಮಡ್ಡಿ_ಮನೆ · ಜನವರಿ 5

ನಲ್ಲಿ ನೀರು, ಮಲಪ್ರಭೆಯದು. ಬಂದ ದಿನ ಸಂಪ್ ತುಂಬಿಸಿಕೊಳ್ಳುತ್ತೇವೆ. ಯಂತ್ರಕ್ಕೆ ಇನ್ನೂ ಏಳೇ ತಿಂಗಳು, ಸುಣ್ಣ ಇರಲಿಕ್ಕಿಲ್ಲ. ನಾಳೆ ಬೆಳಗ್ಗೆ ಮಿನುಗು ಎಣಿಸುತ್ತೇನೆ.

ಮ್ಯೂನಿಕ್_ಧಾರವಾಡಿ · ಜನವರಿ 5

ನಾನು ಕಲ್ಯಾಣ ನಗರದವನು, ಈಗ ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿ ಇವತ್ತು ಬೆಳಗ್ಗೆ ಮೈನಸ್ 9. ನಮ್ಮ ಮನೆ ಪೂರ್ತಿ ಹೀಟ್ ಪಂಪಿನ ಮೇಲೇ ನಡೆಯುತ್ತದೆ, ಸ್ನಾನದ ನೀರು, ಕೋಣೆಯ ಕಾವು ಎರಡೂ. ಯೂನಿಟ್‌ಗೆ 30 ಸೆಂಟ್ ಮೇಲೆ ಇರುವುದರಿಂದ ನಾನೂ ನಿಮ್ಮ ಹಾಗೇ ಮೀಟರ್ ಮುಂದೆ ಕೂತವನೇ.

ಇಲ್ಲಿ ಮೊದಲ ಪಾಠ ಎಂದರೆ ನೀರಿನ ಕಾವು ಇಳಿಸುವುದು. ನಮ್ಮದು ನೆಲದ ಕೆಳಗೆ ಪೈಪ್ ಹಾಸಿದ ಮನೆ, ಅದರಲ್ಲಿ 35 ಡಿಗ್ರಿ ನೀರು ಹರಿದರೆ ಸಾಕು. ಹಳೇ ಮನೆಗಳ ರೇಡಿಯೇಟರ್‌ಗೆ 55 ಬೇಕು, ಅವರ ಬಿಲ್ ನೋಡಿದರೆ ಪಾಪ ಅನಿಸುತ್ತದೆ. ಒಂದು ಡಿಗ್ರಿ ಇಳಿಸಿದರೆ ಸುಮಾರು ಎರಡು, ಎರಡೂವರೆ ಶೇಕಡಾ ಕರೆಂಟ್ ಉಳಿಯುತ್ತದೆ ಅನ್ನುವುದು ಇಲ್ಲಿಯ ಮೆಕ್ಯಾನಿಕ್‌ಗಳ ಲೆಕ್ಕ. ಮೊದಲ ಚಳಿಗಾಲ ನಾನು ದಿನಕ್ಕೊಂದು ಡಿಗ್ರಿ ಇಳಿಸುತ್ತಾ ಹೋದೆ, ಹೆಂಡತಿ ಸ್ವೆಟರ್ ಹಾಕಿಕೊಂಡ ದಿನ ನಿಲ್ಲಿಸಿದೆ.

ಎರಡನೆಯದು ಹಿಮ. ಹೊರಗಿನ ಪೆಟ್ಟಿಗೆಯ ಜಾಲರಿ ಮೇಲೆ ಹಿಮ ಕಟ್ಟುತ್ತದೆ. ಆಗ ಯಂತ್ರ ತಾನೇ ಉಲ್ಟಾ ಓಡಿ ಅದನ್ನು ಕರಗಿಸುತ್ತದೆ, ಭಸ್ ಅಂತ ಹಬೆ ಏಳುತ್ತದೆ. ಮೊದಲ ಸಲ ನೋಡಿ ಬೆಂಕಿ ಬಿತ್ತು ಅಂದುಕೊಂಡಿದ್ದೆ. ಗಾಳಿ ಸರಿಯಾಗಿ ಆಡದಿದ್ದರೆ ಹಿಮ ಇನ್ನೂ ಜಾಸ್ತಿ ಕಟ್ಟುತ್ತದೆ, ಕರಗಿಸಲು ಇನ್ನೂ ಕರೆಂಟ್. ನಿಮ್ಮದು ಮಾಳಿಗೆ ಮೇಲೆ ತೆರೆದಿದೆಯಾ, ಮುಚ್ಚಿದ ಜಾಗದಲ್ಲಾ?

ಸಪ್ತಾಪುರ_ಸುಮ್ನೆ · ಜನವರಿ 5

ಧಾರವಾಡದಲ್ಲಿ ಹಿಮ! ಕೆಲಗೇರಿ ಕೆರೆ ಮೇಲೆ ಸ್ಕೇಟಿಂಗ್ ಶುರು ಮಾಡೋಣ.

ಮಾಳಮಡ್ಡಿ_ಮನೆ · ಜನವರಿ 5

ತೆರೆದ ಜಾಗವೇ. ಮೇಲೆ ಮಳೆಗೆ ಒಂದು ತಗಡು ಇದೆ ಅಷ್ಟೇ.

ಟೊರಾಂಟೊ_ತಂಗಿ · ಜನವರಿ 5

ಮ್ಯೂನಿಕ್ ಅಣ್ಣಾ, ನಮ್ಮ ಕಡೆ ಇನ್ನೊಂದು ತೊಡಕು ಇದೆ. ಹೀಟ್ ಪಂಪಿನ ಜೊತೆ ಒಳಗೆ ಕಾಯಿಲ್ ಹೀಟರ್ ಇರುತ್ತದೆ, ತುಂಬಾ ಥಂಡಿಯಾದರೆ ಸಹಾಯಕ್ಕೆ ಬರಲಿ ಅಂತ. ನಾನು ಜಾಣತನ ಮಾಡಲು ಹೋಗಿ ರಾತ್ರಿ ಮಲಗುವಾಗ ಐದು ಡಿಗ್ರಿ ಇಳಿಸಿ, ಬೆಳಗ್ಗೆ ಆರಕ್ಕೆ ಏರಿಸುತ್ತಿದ್ದೆ. ಉಳಿತಾಯ ಅಂದುಕೊಂಡೆ. ಒಮ್ಮೆಲೇ ಐದು ಡಿಗ್ರಿ ಏರಿಸು ಅಂದಾಗ ಪಂಪಿಗೆ ಆಗದೆ ಆ ಹೀಟರ್ ಹೊತ್ತಿಕೊಳ್ಳುತ್ತಿತ್ತು, ಹತ್ತು ಕಿಲೋವ್ಯಾಟ್! ಬಿಲ್ ಏರಿತು. ಈಗ ಹಗಲು ರಾತ್ರಿ ಒಂದೇ ಕಡೆ ಇಟ್ಟು ಸುಮ್ಮನಿದ್ದೇನೆ. ಮಾಳಮಡ್ಡಿಯವರ ಟ್ಯಾಂಕಿನಲ್ಲೂ ಅಂಥ ಎಲಿಮೆಂಟ್ ಇದೆಯಾ ನೋಡಿ.

ಉಣಕಲ್_ವಾಕಿಂಗ್ · ಜನವರಿ 5

ಒಬ್ಬರು ಟೈಮರ್ ಇಡಿ ಅನ್ನುತ್ತಾರೆ, ಇನ್ನೊಬ್ಬರು ಒಂದೇ ಕಡೆ ಇಟ್ಟು ಸುಮ್ಮನಿರಿ ಅನ್ನುತ್ತಾರೆ. ಪಾಪ, ಅವರು ಯಾರ ಮಾತು ಕೇಳಬೇಕು?

ಹಳೇಹುಬ್ಬಳ್ಳಿ_ಫ್ರಿಜ್ · ಜನವರಿ 5

ಎರಡೂ ಸರಿ. ಅವರದು ಮನೆ ಬೆಚ್ಚಗಿಡುವ ಯಂತ್ರ, ಕಾವು ಗೋಡೆ ಕಿಟಕಿಯಲ್ಲಿ ಸೋರುತ್ತಲೇ ಇರುತ್ತದೆ, ಹೊರಗೆ ಹಗಲೂ ಥಂಡಿ. ಇದು ನೀರಿನ ಟ್ಯಾಂಕ್, ಕಾವು ಒಳಗೇ ಕೂತಿರುತ್ತದೆ, ಕಡಿಮೆ ಕರೆಂಟ್ ಸಾಕಾಗುವ ಹೊತ್ತಿನಲ್ಲಿ ತುಂಬಿಸಿಟ್ಟುಕೊಳ್ಳಬಹುದು. ನಲ್ಲಿ ಬಂದ ದಿನ ಸಂಪ್ ತುಂಬಿಸುವ ಹಾಗೆ.

ಸಾಧನಕೇರಿ_ಅಕ್ಕ · ಜನವರಿ 5

ಎಲ್ಲರೂ ಮಾಳಿಗೆ ಮೇಲೆ ಹತ್ತಿದ್ದೀರಿ, ಅಡುಗೆಮನೆಗೆ ಒಬ್ಬರೂ ಬರಲಿಲ್ಲ. ಸಿಂಕ್‌ಗೂ ಬಿಸಿನೀರಿನ ಪೈಪ್ ಕೊಟ್ಟಿದ್ದೀರಾ? ಒಂದೇ ಹಿಡಿಕೆಯ ನಲ್ಲಿಯಾ? ಅದನ್ನು ನಡುವೆ ಬಿಟ್ಟು ಎತ್ತಿದರೆ ಅರ್ಧ ಬಿಸಿ, ಅರ್ಧ ತಣ್ಣೀರು ಎಳೆಯುತ್ತದೆ. ಮಾಳಿಗೆಯಿಂದ ಬಿಸಿನೀರು ಹೊರಟು ಸಿಂಕ್ ಮುಟ್ಟುವ ಮೊದಲೇ ಲೋಟ ತೊಳೆದು ನಲ್ಲಿ ಬಂದ್ ಮಾಡಿರುತ್ತೀರಿ. ಆ ಬಿಸಿನೀರು ಪೈಪಿನಲ್ಲೇ ಆರಿಹೋಗುತ್ತದೆ. ದಿನಕ್ಕೆ ಇಪ್ಪತ್ತು ಸಲ. ನಮ್ಮ ಮನೆಯಲ್ಲಿ ಇದನ್ನು ಕಂಡುಹಿಡಿಯಲು ನನಗೆ ಒಂದು ವರ್ಷ ಬೇಕಾಯಿತು. ಈಗ ಹಿಡಿಕೆಯನ್ನು ಪೂರ್ತಿ ತಣ್ಣೀರಿನ ಕಡೆ ತಿರುಗಿಸಿ ಇಡುತ್ತೇವೆ, ಬೇಕಾದಾಗ ಮಾತ್ರ ಈಚೆ.

ನವನಗರ_ನಿವೃತ್ತ · ಜನವರಿ 5

ಒಳ್ಳೆಯ ಮಾತು. ಮುಕ್ಕಾಲು ಇಂಚಿನ 60 ಅಡಿ ಪೈಪಿನಲ್ಲಿ ಸುಮಾರು ನಾಲ್ಕೂವರೆ ಲೀಟರ್ ನಿಂತಿರುತ್ತದೆ. ಪ್ರತಿ ಸಲ ಅಷ್ಟೂ ದಂಡ. ಬಿಸಿನೀರಿನ ಪೈಪಿಗೆ ಕಪ್ಪು ಫೋಮ್ ತೋಳು ಹಾಕಿಸಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬಿಸಿಲಿಗೆ ಬೀಳುವ ಕಡೆ ಮೇಲೆ ಟೇಪ್ ಸುತ್ತಿ, ಇಲ್ಲದಿದ್ದರೆ ಪುಡಿಯಾಗಿ ಉದುರುತ್ತದೆ.

ಮಾಳಮಡ್ಡಿ_ಮನೆ · ಜನವರಿ 6

ಸ್ನೇಹಿತರೇ, ಕೂತುಕೊಂಡು ಓದಿ.

ಬೆಳಗ್ಗೆ ನಾಲ್ಕೂವರೆಗೆ ಎದ್ದೆ. ಉಳಿದ ಎಂಸಿಬಿ ಎಲ್ಲ ಇಳಿಸಿದೆ. ಮೊಬೈಲ್ ಟಾರ್ಚ್ ಹಿಡಿದು ಮೀಟರ್ ಮುಂದೆ ಸ್ಟೂಲ್ ಹಾಕಿ ಕೂತೆ. ಬೀದಿ ನಾಯಿ ಕೂಡ ಎದ್ದು ನೋಡಿ ಮತ್ತೆ ಮಲಗಿತು. ಅರ್ಧ ನಿಮಿಷಕ್ಕೆ 61 ಮಿನುಗು. ತಪ್ಪಿರಬೇಕು ಅಂತ ಇನ್ನೊಮ್ಮೆ ಎಣಿಸಿದೆ, 61. ಅಂದರೆ ನಿಮಿಷಕ್ಕೆ 122. ನಿವೃತ್ತ ಸರ್ ಲೆಕ್ಕದಲ್ಲಿ 2.3 ಕಿಲೋವ್ಯಾಟ್. ಮುಕ್ಕಾಲು ಎಲ್ಲಿ, ಎರಡೂಕಾಲು ಎಲ್ಲಿ!

ಮಾಳಿಗೆಗೆ ಓಡಿದೆ. ಹೀಟ್ ಪಂಪ್ ಕಾಣಲಿಲ್ಲ. ಅದರ ಮೇಲೆ ಕೌದಿ.

ಹೌದು, ಕೌದಿ. ಎರಡು ಸುತ್ತು ಸುತ್ತಿ, ಬಟ್ಟೆ ಒಣಹಾಕುವ ಹಗ್ಗದಿಂದ ಕಟ್ಟಿ, ಅಚ್ಚುಕಟ್ಟಾಗಿ ಗಂಟು ಹಾಕಿದ್ದರು. ಅವ್ವನನ್ನು ಕೇಳಿದೆ. "ಡಿಸೆಂಬರ್ ಹತ್ತಿದಾಗಿಂದ ದಿನಾ ರಾತ್ರಿ ಹೊಚ್ಚತೇನಿ. ಥಂಡಿಗೆ ಮಷೀನ್ ಕೆಟ್ಟೀತು ಅಂತ. ಬೆಳಗ್ಗೆ ತುಳಸಿಗೆ ನೀರು ಹಾಕೂ ಮುಂದ ತಗೀತೇನಿ" ಅಂದರು. ನಾನು ಮಾಳಿಗೆ ಹತ್ತುವುದು ಒಂಬತ್ತರ ಮೇಲೆ, ಅಷ್ಟೊತ್ತಿಗೆ ಕೌದಿ ಮಡಚಿ ಒಳಗೆ ಹೋಗಿರುತ್ತಿತ್ತು.

ಕೌದಿ ಬಿಚ್ಚಿದೆ. ಹಿಂದಿನ ಜಾಲರಿಯ ಕೆಳಗಿನ ಅರ್ಧ ಬೆಳ್ಳಗೆ ಮಂಜುಗಡ್ಡೆ. ಉಗುರಿನಿಂದ ಕೆರೆದು ನೋಡಿದೆ, ಹಳೇ ಫ್ರಿಜ್‌ನ ಐಸ್ ಡಬ್ಬಿಯಲ್ಲಿ ಕಟ್ಟುತ್ತಿತ್ತಲ್ಲ, ಥೇಟ್ ಹಾಗೆ. ಸಪ್ತಾಪುರದವರೇ, ನಿಮ್ಮ ಸ್ಕೇಟಿಂಗ್‌ಗೆ ಇಲ್ಲೇ ಬನ್ನಿ.

ಸಪ್ತಾಪುರ_ಸುಮ್ನೆ · ಜನವರಿ 6

ಆಫೀಸಿನಲ್ಲಿ ಓದಿ ಜೋರಾಗಿ ನಕ್ಕುಬಿಟ್ಟೆ. ಈಗ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

ಟೊರಾಂಟೊ_ತಂಗಿ · ಜನವರಿ 6

ಅಜ್ಜಿಯ ಕೌದಿ ಹೊದ್ದ ಹೀಟ್ ಪಂಪ್! ಫೋಟೊ ಹಾಕಲೇಬೇಕು ಅಣ್ಣಾ.

ಹಳೇಹುಬ್ಬಳ್ಳಿ_ಫ್ರಿಜ್ · ಜನವರಿ 6

ನಗಬೇಡಿ, ಅವ್ವಾರು ಪ್ರೀತಿಯಿಂದ ಮಾಡಿದ್ದಾರೆ. ಆದರೆ ಯಂತ್ರದ ಮೂಗು ಮುಚ್ಚಿದ ಹಾಗಾಯಿತು. ಬಿಸಿ ತೆಗೆದು ತಣ್ಣಗಾದ ಗಾಳಿ ಹೊರಗೆ ಹೋಗಬೇಕು, ಹೊಸ ಗಾಳಿ ಒಳಗೆ ಬರಬೇಕು. ಕೌದಿಯೊಳಗೆ ಅದೇ ತಣ್ಣನೆ ಗಾಳಿ ಸುತ್ತುತ್ತಾ ಇನ್ನೂ ತಣ್ಣಗಾಗುತ್ತದೆ. ಕೊನೆಗೆ ಗಾಳಿಯ ಬಿಸಿ ಹೀರುವ ಕಾಯಿಲ್ ಸೊನ್ನೆಗಿಂತ ಕೆಳಗೆ ಇಳಿದು ಗಾಳಿಯ ತೇವ ಎಲ್ಲ ಅದರ ಮೇಲೆ ಗಡ್ಡೆ ಕಟ್ಟುತ್ತದೆ. ಗಡ್ಡೆ ಕಟ್ಟಿದರೆ ಗಾಳಿ ಇನ್ನೂ ಕಡಿಮೆ. ಕಂಪ್ರೆಸರ್ ಒಂದೇ ಸಮನೆ ಓಡುತ್ತದೆ, ನೀರು ಕಾಯುವುದಿಲ್ಲ.

ಆದರೂ 2.3 ಕಿಲೋವ್ಯಾಟ್ ಬರುವುದಿಲ್ಲ. ಕಂಪ್ರೆಸರ್ ಒಂದೇ ಅಷ್ಟು ಎಳೆಯಲಾರದು. ಟೊರಾಂಟೊ ತಂಗಿ ಹೇಳಿದ ಹಾಗೆ ಒಳಗಿನ ಎಲಿಮೆಂಟ್ ಓಡುತ್ತಿದೆ. ಒಂದೂವರೆ ಕಿಲೋವ್ಯಾಟ್‌ದು. ಪ್ಯಾನೆಲ್‌ನಲ್ಲಿ ಯಾವ ಮೋಡ್ ಇದೆ ನೋಡಿ.

ಮಾಳಮಡ್ಡಿ_ಮನೆ · ಜನವರಿ 6

ನೋಡಿದೆ. "ಬೂಸ್ಟ್." ನಾನು ಇಟ್ಟಿದ್ದು "ಇಕೊ." ನವೆಂಬರ್ ಕೊನೆಗೆ ತಂಗಿಯ ಮನೆಯವರು ಮದುವೆಗೆ ಅಂತ ಬಂದಿದ್ದರು, ಮನೆಯಲ್ಲಿ ಹದಿಮೂರು ಜನ. ಬಿಸಿನೀರು ಸಾಲದೆ ಅಳಿಯ ಗುಂಡಿ ಒತ್ತಿದ್ದನಂತೆ. ಮದುವೆ ಮುಗಿಯಿತು, ಅವರು ಬೆಳಗಾವಿಗೆ ಹೋದರು, ಬೂಸ್ಟ್ ಇಲ್ಲೇ ಉಳಿಯಿತು.

ಉಣಕಲ್_ವಾಕಿಂಗ್ · ಜನವರಿ 6

ಹಾಗಾದರೆ ಒಂದು ತಿಂಗಳಿಂದ ನಿಮ್ಮದು ಅರ್ಧ ಗೀಸರ್ ಆಗಿತ್ತು. ನನ್ನ 85 ಯೂನಿಟ್ ಲೆಕ್ಕಕ್ಕೆ ಈಗ ಏನನ್ನುತ್ತೀರಿ?

ಹಳೇಹುಬ್ಬಳ್ಳಿ_ಫ್ರಿಜ್ · ಜನವರಿ 6

ನಿಮ್ಮ 85ರಲ್ಲಿ ಶವರ್ ಇಲ್ಲ, ಸಿಂಕ್ ಇಲ್ಲ, ಪೈಪಿನಲ್ಲಿ ಆರಿದ ನೀರಿಲ್ಲ. ಕಾಗದದ ಮೇಲೆ ಎಲ್ಲರೂ ಆರು ಬಕೆಟ್‌ನಲ್ಲೇ ಸ್ನಾನ ಮಾಡುತ್ತಾರೆ.

ಉಣಕಲ್_ವಾಕಿಂಗ್ · ಜನವರಿ 6

ನಮ್ಮ ಮನೆಯಲ್ಲಿ ನಿಜವಾಗಲೂ ಬಕೆಟ್ಟೇ ಸರ್. ಶವರ್ ಇದೆ, ಅದಕ್ಕೆ ಟವೆಲ್ ನೇತು ಹಾಕುತ್ತೇವೆ.

ಮ್ಯೂನಿಕ್_ಧಾರವಾಡಿ · ಜನವರಿ 6

ಮಂಜುಗಡ್ಡೆಯನ್ನು ಚಾಕು, ಸ್ಕ್ರೂಡ್ರೈವರ್‌ನಿಂದ ಕೀಳಬೇಡಿ, ಕಾಯಿಲ್ ತೂತಾದರೆ ಗ್ಯಾಸ್ ಹೋಗುತ್ತದೆ. ಬಂದ್ ಮಾಡಿ ಬಿಡಿ. ನಿಮ್ಮ ಊರಿನ ಬಿಸಿಲಿಗೆ ಒಂದು ತಾಸಿನಲ್ಲಿ ಹರಿದುಹೋಗುತ್ತದೆ. ನಮಗೆ ಆ ಭಾಗ್ಯ ಇಲ್ಲ.

ಗದಗ_ಗಾಳಿ · ಜನವರಿ 6

ಮಧ್ಯಾಹ್ನಕ್ಕೆ ಟೈಮರ್ ಇಡುವುದಾದರೆ ಮಾಳಿಗೆ ಮೇಲೆ ಸೋಲಾರ್ ಪ್ಯಾನೆಲ್ ಬಗ್ಗೆಯೂ ಯೋಚಿಸಿ. ನಾನು ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್ ಹಾಕಿಸಿದೆ, ಸಬ್ಸಿಡಿ 78,000 ಬಂತು. ಒಳ್ಳೆ ಬಿಸಿಲಿದ್ದ ದಿನ ಕಿಲೋವ್ಯಾಟ್‌ಗೆ ನಾಲ್ಕು ಯೂನಿಟ್ ಬರುತ್ತದೆ. ಹೀಟ್ ಪಂಪ್ ಹಗಲಲ್ಲೇ ಓಡಿದರೆ ಬಿಸಿಲಿನಿಂದಲೇ ನೀರು ಕಾದ ಹಾಗೆ.

ಮಾಳಮಡ್ಡಿ_ಮನೆ · ಜನವರಿ 6

ಮಂಗ?

ಗದಗ_ಗಾಳಿ · ಜನವರಿ 6

ಗದಗದಲ್ಲಿ ನಮ್ಮ ಓಣಿಗೆ ಬರುವುದಿಲ್ಲ. ಧಾರವಾಡದ ಮಂಗಗಳ ಜವಾಬ್ದಾರಿ ನನ್ನದಲ್ಲ. ಪ್ಯಾನೆಲ್ ಗಾಜು ಟ್ಯೂಬಿಗಿಂತ ಗಟ್ಟಿ ಅಂತ ಮಾತ್ರ ಹೇಳಬಲ್ಲೆ.

ಮಾಳಮಡ್ಡಿ_ಮನೆ · ಜನವರಿ 9

ಮೂರು ದಿನದ ವರದಿ. ಬೂಸ್ಟ್ ತೆಗೆದು ಇಕೊ ಮಾಡಿದೆ. ಟೈಮರ್ ಮಧ್ಯಾಹ್ನ 1ರಿಂದ 4. ಕಾವು 60ರಿಂದ 52ಕ್ಕೆ ಇಳಿಸಿದೆ. ನಿನ್ನೆ ಮಧ್ಯಾಹ್ನ ಮತ್ತೆ ಮಿನುಗು ಎಣಿಸಿದೆ, ಅರ್ಧ ನಿಮಿಷಕ್ಕೆ 21. ಎರಡೂವರೆ ತಾಸಿನಲ್ಲಿ ತಾನೇ ನಿಂತಿತು. ಅಷ್ಟಕ್ಕೆ ಮೀಟರ್ ಓಡಿದ್ದು 1.9 ಯೂನಿಟ್! ಡಿಸೆಂಬರ್‌ನಲ್ಲಿ ದಿನಕ್ಕೆ ಐದರ ಹತ್ತಿರ ಹೋಗಿರಬೇಕು.

ಒಂದು ತಕರಾರು ಇದೆ. ದೊಡ್ಡವನ ಇಪ್ಪತ್ತು ನಿಮಿಷ ಆದಮೇಲೆ ಒಂಬತ್ತಕ್ಕೆ ಅವ್ವ ಸ್ನಾನಕ್ಕೆ ಹೋದರೆ ನೀರು ಉಗುರು ಬೆಚ್ಚಗೆ. ಮನೆಯಲ್ಲಿ ನಿನ್ನೆ ಇದೇ ದೊಡ್ಡ ಗದ್ದಲ.

ಸಾಧನಕೇರಿ_ಅಕ್ಕ · ಜನವರಿ 9

ಅವ್ವಾರ ಸ್ನಾನ ಮೊದಲು, ಹುಡುಗನದು ಕೊನೆಗೆ. ಇದಕ್ಕೆ ಯಾವ ಟೈಮರ್ ಬೇಕು?

ಹಾವೇರಿ_ಹಂಡೆ · ಜನವರಿ 9

ನೀರು ತಣ್ಣಗಾದರೆ ಹುಡುಗ ತಾನೇ ಐದು ನಿಮಿಷಕ್ಕೆ ಹೊರಗೆ ಬರುತ್ತಾನೆ. ನಮ್ಮಪ್ಪ ಹಂಡೆಯ ತಳದ ನೀರು ನಮಗೆ ಬಿಡುತ್ತಿದ್ದುದು ಇದಕ್ಕೇ ಇರಬೇಕು.

ನವನಗರ_ನಿವೃತ್ತ · ಜನವರಿ 9

ಒಂದು ಎಚ್ಚರಿಕೆ. ಟ್ಯಾಂಕಿನ ನೀರನ್ನು ಯಾವಾಗಲೂ 45, 50ರಲ್ಲೇ ಇಟ್ಟರೆ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಇದೆ. ಶವರ್‌ನ ಸಣ್ಣ ಹನಿಗಳ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದಾರೆ. ವಾರಕ್ಕೊಮ್ಮೆ 60ಕ್ಕೆ ಏರಿಸಿ ಸ್ವಲ್ಪ ಹೊತ್ತು ಬಿಡಿ. ಅನೇಕ ಯಂತ್ರಗಳಲ್ಲಿ ಇದಕ್ಕೇ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನೂ ಮಧ್ಯಾಹ್ನವೇ ಮಾಡಿ.

ಉಣಕಲ್_ವಾಕಿಂಗ್ · ಜನವರಿ 9

ಇಲ್ಲಿಯವರೆಗೆ ಬರೀ ಬಿಲ್ಲಿನ ಹೆದರಿಕೆ ಇತ್ತು.

ಮಾಳಮಡ್ಡಿ_ಮನೆ · ಜನವರಿ 9

ಸರ್, ಧನ್ಯವಾದ. ಭಾನುವಾರ ಮಧ್ಯಾಹ್ನ 60 ಅಂತ ಕ್ಯಾಲೆಂಡರ್ ಮೇಲೆ ಬರೆದೆ. ಅಂದೇ ಎಲ್ಲರಿಗೂ ಎಣ್ಣೆ ಸ್ನಾನ ಸಂಜೆ ಇಟ್ಟುಕೊಂಡರಾಯಿತು ಅಂತ ಹೆಂಡತಿ ಹೇಳಿದಳು. ಸಿಂಕ್‌ನ ಹಿಡಿಕೆಗೂ ಕೆಂಪು ಟೇಪ್ ಅಂಟಿಸಿದ್ದಾಳೆ, ಅಕ್ಕನ ಮಾತು ಓದಿ.

ಹೊಸಬ_ಕೇಶ್ವಾಪುರ · ಜನವರಿ 17

ತಡವಾಗಿ ಬಂದೆ. ನಮ್ಮದು ಅಪಾರ್ಟ್‌ಮೆಂಟ್, ಹೀಟ್ ಪಂಪನ್ನು ಯುಟಿಲಿಟಿ ಬಾಲ್ಕನಿಯಲ್ಲಿ ಇಡಬಹುದಾ? ಮೂರು ಕಡೆ ಗೋಡೆ, ಮುಂದೆ ಗ್ಲಾಸ್ ಕಿಟಕಿ.

ಹಳೇಹುಬ್ಬಳ್ಳಿ_ಫ್ರಿಜ್ · ಜನವರಿ 17

ಕಿಟಕಿ ಮುಚ್ಚಿದರೆ ಅದೂ ಕೌದಿಯೇ. ತೆರೆದಿಡುವುದಾದರೆ ಇಡಿ, ಅಥವಾ ತಣ್ಣನೆ ಗಾಳಿ ಹೊರಗೆ ಹೋಗಲು ಡಕ್ಟ್ ಕೊಡಿಸಿ. ಮಲಗುವ ಕೋಣೆ ಪಕ್ಕ ಬೇಡ, ಗುಂಯ್ ಅನ್ನುತ್ತದೆ.

ಸಪ್ತಾಪುರ_ಸುಮ್ನೆ · ಜನವರಿ 17

"ಅದೂ ಕೌದಿಯೇ." ಇನ್ನು ಮುಂದೆ ಇಲ್ಲಿ ಇದೇ ಮಾತು ನಡೆಯುತ್ತದೆ.

ಮಾಳಮಡ್ಡಿ_ಮನೆ · ಫೆಬ್ರವರಿ 3

ಇವತ್ತು ರೀಡಿಂಗ್‌ನವರು ಬಂದಿದ್ದರು. 184. ತಿಂಗಳ ಮೊದಲ ಐದಾರು ದಿನ ಹಳೇ ಹಾಗೇ ಓಡಿತ್ತು, ಅದೂ ಸೇರಿ. 152 ಕಳೆದು 32 ಯೂನಿಟ್‌ಗೆ ದುಡ್ಡು. ಪೈಪಿಗೆ ಫೋಮ್ ಇನ್ನೂ ಹಾಕಿಸಿಲ್ಲ, ಪ್ಲಂಬರ್ ಮೂರು ಸಲ "ನಾಳೆ" ಅಂದಿದ್ದಾನೆ.

ಟೊರಾಂಟೊ_ತಂಗಿ · ಫೆಬ್ರವರಿ 3

ಕೌದಿ ಎಲ್ಲಿದೆ ಅಣ್ಣಾ? ಫೋಟೊ ಇನ್ನೂ ಬಂದಿಲ್ಲ.

ಮಾಳಮಡ್ಡಿ_ಮನೆ · ಫೆಬ್ರವರಿ 3

ತೊಳೆದು ಮಾಳಿಗೆ ಮೇಲೆ ಒಣಹಾಕಿದ್ದಾರೆ, ಹೀಟ್ ಪಂಪಿನ ಪಕ್ಕದಲ್ಲೇ. ನಾನು ಹೋಗಿ ಎರಡು ಅಡಿ ಈಚೆ ಸರಿಸಿದೆ. "ಅಷ್ಟು ದೂರ ಯಾಕ?" ಅಂತ ಅವ್ವ ಕೇಳುತ್ತಿದ್ದಾರೆ.